ರಾಯಚೂರಿನಿಂದ ಆಗ್ರಾ, ಪ್ರಯಾಗ, ಕಾಶಿ: ಬೆನ್ನಿಗೊಂದು ಬ್ಯಾಗ್ ಹಾಕಿ ರೈಲಿನಲ್ಲೇ ಹೋಗಿಬರುವುದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಟೂರ್ ಪ್ಯಾಕೇಜ್ ಬೇಡ, ವಿಮಾನವೂ ಬೇಡ. ನಾವೇ ಕಾಶಿಗೆ ಹೋಗಿಬರೋಕೆ ಆಗುತ್ತಾ? ದಾರಿಯಲ್ಲಿ ತಾಜ್ ಮಹಲನ್ನೂ ನೋಡಬೇಕು." ಖಂಡಿತ ಆಗುತ್ತದೆ. ಹನ್ನೆರಡು ದಿನ ರಜೆ, ಎಂಟು ಕೆ.ಜಿ. ಮೀರದ ಒಂದು ಬ್ಯಾಗ್, ಎರಡು ತಿಂಗಳು ಮೊದಲೇ ಮಾಡಿದ ರೈಲು ಟಿಕೆಟ್ ಇದ್ದರೆ ಸಾಕು.

ಮೊದಲ ಸಲ ಹೊರಡುವವರಿಗೆ ನನ್ನ ಮುಖ್ಯ ಸಲಹೆ ಇದು: ಊರುಗಳನ್ನು ಕಡಿಮೆ ಮಾಡಿ, ದಿನಗಳನ್ನು ಜಾಸ್ತಿ ಇಡಿ. ಒಂದೇ ಹೊಡೆತಕ್ಕೆ ದಿಲ್ಲಿ, ಮಥುರಾ, ಹರಿದ್ವಾರ, ಅಯೋಧ್ಯೆ, ಗಯಾ ಎಲ್ಲ ಸೇರಿಸಿದರೆ ಕೊನೆಗೆ ನೆನಪಿರುವುದು ಬಸ್ಸಿನ ಕಿಟಕಿ ಮಾತ್ರ. ಆಗ್ರಾದಲ್ಲಿ ಎರಡು ರಾತ್ರಿ, ಪ್ರಯಾಗದಲ್ಲಿ ಒಂದು, ಕಾಶಿಯಲ್ಲಿ ಕನಿಷ್ಠ ನಾಲ್ಕು ರಾತ್ರಿ. ಈ ಲೆಕ್ಕದಲ್ಲೇ ಮುಂದಿನದನ್ನೆಲ್ಲ ಬರೆದಿದ್ದೇನೆ.

ಹಂತ 1: ಯಾವಾಗ ಹೋಗಬೇಕು?

ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ, ಇಲ್ಲವೇ ಫೆಬ್ರವರಿ, ಮಾರ್ಚ್. ಇವೇ ಒಳ್ಳೆಯ ತಿಂಗಳುಗಳು.

ನಮ್ಮ ಕಡೆಯವರಿಗೆ ಬಿಸಿಲು ಹೊಸದಲ್ಲ. ಆದರೆ ಮೇ, ಜೂನ್‌ನಲ್ಲಿ ಆಗ್ರಾದ ಬಿಸಿಗಾಳಿ ನಮ್ಮ ಬೇಸಿಗೆಗಿಂತ ಕಠಿಣ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಂಗೆ ತುಂಬಿ ಹರಿಯುತ್ತಾಳೆ. ಕಾಶಿಯ ಘಾಟ್‌ಗಳ (ನದಿಗೆ ಇಳಿಯುವ ಮೆಟ್ಟಿಲುಕಟ್ಟೆಗಳ) ಮೆಟ್ಟಿಲು ಮುಳುಗುತ್ತವೆ, ಒಂದು ಘಾಟ್‌ನಿಂದ ಇನ್ನೊಂದಕ್ಕೆ ನಡೆಯುವ ದಾರಿ ಕಡಿದುಹೋಗುತ್ತದೆ, ದೋಣಿ ನಿಲ್ಲಿಸುತ್ತಾರೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಚಳಿಯೂ ನಮಗೆ ಅಭ್ಯಾಸವಿಲ್ಲದ ಚಳಿ. ಆ ತಿಂಗಳಲ್ಲೇ ಹೋಗಬೇಕಾದರೆ ಸ್ವೆಟರ್ ಒಂದೇ ಸಾಲದು. ಕಿವಿ ಮುಚ್ಚುವ ಟೋಪಿ, ಕಾಲುಚೀಲ, ದಪ್ಪ ಹೊದಿಕೆ ಬೇಕು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಉತ್ತರದ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ಅಲ್ಲಿನ ಶ್ರಾವಣ ನಮಗಿಂತ ಸುಮಾರು ಹದಿನೈದು ದಿನ ಮೊದಲೇ ಶುರುವಾಗುತ್ತದೆ. "ಶ್ರಾವಣ ಬರೋದರೊಳಗೆ ಆರಾಮಾಗಿ ಹೋಗಿಬರೋಣ" ಎಂದು ನಮ್ಮ ಕ್ಯಾಲೆಂಡರ್ ನೋಡಿ ಹೊರಟರೆ ಕಾಶಿಯ ಅತಿ ದೊಡ್ಡ ಜನಜಂಗುಳಿಯೊಳಗೇ ಇಳಿಯುತ್ತೀರಿ. ಮಹಾಶಿವರಾತ್ರಿ ಮತ್ತು ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಗೂ ಕೋಣೆ ಸಿಗುವುದು ಕಷ್ಟ, ಬಾಡಿಗೆಯೂ ಏರಿರುತ್ತದೆ.

ಹಂತ 2: ಟಿಕೆಟ್. ಇಲ್ಲಿ ಅವಸರ ಬೇಡ

ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ (12627) ಗುಂತಕಲ್ ಮತ್ತು ರಾಯಚೂರಿನ ಮೇಲೆಯೇ ಹಾದು ನೇರ ಆಗ್ರಾ ಕ್ಯಾಂಟ್ ತಲುಪುತ್ತದೆ. ದಿನಾ ಓಡುವ ರೈಲು. ರಾಯಚೂರಿನಲ್ಲಿ ನಸುಕಿನಲ್ಲಿ ಹತ್ತಿದರೆ ಆಗ್ರಾ ಬರುವುದು ಮರುದಿನ ಬೆಳಗಾಗುವ ಹೊತ್ತಿಗೆ. ನಡುವೆ ಎಲ್ಲೂ ಇಳಿದು ಹತ್ತುವ ಗೋಜಿಲ್ಲ.

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ಹುಬ್ಬಳ್ಳಿ–ಗುಂತಕಲ್ ಮಾರ್ಗದಲ್ಲಿರುವುದರಿಂದ ಗುಂತಕಲ್‌ವರೆಗೆ ಇನ್ನೊಂದು ರೈಲಿನಲ್ಲಿ ಹೋಗಿ ಅಲ್ಲಿ ಇದನ್ನು ಹಿಡಿಯಬಹುದು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯವರಿಗೆ ಬಸ್ಸಿನಲ್ಲಿ ರಾಯಚೂರಿಗೆ ಬರುವುದೇ ಸುಲಭ. ಯಾವ ದಾರಿಯಾದರೂ ಎರಡರ ನಡುವೆ ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ.

ಈಗ ಟಿಕೆಟ್ ಮಾಡುವ ಕ್ರಮ.

1. ಐಆರ್‌ಸಿಟಿಸಿ (ರೈಲ್ವೆಯ ಆನ್‌ಲೈನ್ ಟಿಕೆಟ್ ತಾಣ) ಖಾತೆ ತೆರೆದು ಆಧಾರ್ ಜೋಡಿಸಿ. ತತ್ಕಾಲ್ (ಕೊನೆ ಗಳಿಗೆಯವರಿಗೆಂದು ಹೆಚ್ಚು ದರಕ್ಕೆ ಮೀಸಲಿಟ್ಟ ಸೀಟು) ಟಿಕೆಟ್ ಆನ್‌ಲೈನ್‌ನಲ್ಲಿ ಮಾಡಲು 2025ರ ಜುಲೈನಿಂದ ಇದು ಕಡ್ಡಾಯ. ಹೊರಡುವ ಹಿಂದಿನ ದಿನ ಈ ಕೆಲಸಕ್ಕೆ ಕೂರಬೇಡಿ.

2. ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. 120 ದಿನ ಇದ್ದ ಕಾಲ 2024ರ ನವೆಂಬರ್‌ಗೆ ಮುಗಿಯಿತು. ದಸರಾ ರಜೆಗೆ ಹೊರಡುವವರು ಬುಕಿಂಗ್ ತೆರೆದ ಮೊದಲ ದಿನವೇ ಕೂತು ಮಾಡಿ.

3. ತಾರೀಖನ್ನು ಎರಡು ಸಲ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ರೈಲು ಬೆಂಗಳೂರಿನಿಂದ 10ನೇ ತಾರೀಖು ಸಂಜೆ ಹೊರಟಿತು ಎಂದುಕೊಳ್ಳಿ. ಗುಂತಕಲ್, ರಾಯಚೂರಿಗೆ ಅದು ಬರುವಾಗ ರಾತ್ರಿ ಹನ್ನೆರಡು ದಾಟಿ 11 ಆಗಿರುತ್ತದೆ. ನಿಮ್ಮ ಟಿಕೆಟ್‌ನಲ್ಲಿ ಇರಬೇಕಾದದ್ದು 11. ಮನೆಯಿಂದ ಹೊರಡಬೇಕಾದದ್ದು 10ರ ರಾತ್ರಿ ಊಟ ಮುಗಿಸಿ. ಟಿಕೆಟ್‌ನಲ್ಲಿ 11 ಇದೆ ಅಂತ 11ರ ರಾತ್ರಿ ನಿಲ್ದಾಣಕ್ಕೆ ಹೋದರೆ ನಿಮ್ಮ ರೈಲು ಅಷ್ಟರಲ್ಲಿ ಭೋಪಾಲದ ಹತ್ತಿರ ಇರುತ್ತದೆ.

4. ತತ್ಕಾಲ್ ಮಾಡುವುದಾದರೂ ಇದೇ ಲೆಕ್ಕ. ರೈಲು ಮೊದಲ ನಿಲ್ದಾಣ ಬಿಡುವ ದಿನದ ಹಿಂದಿನ ದಿನ ಅದು ತೆರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ 9ನೇ ತಾರೀಖು. ಎ.ಸಿ. ದರ್ಜೆಗೆ ಬೆಳಿಗ್ಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ.

5. ವೇಟಿಂಗ್ ಲಿಸ್ಟ್‌ನ ಅಕ್ಷರಗಳನ್ನು ಓದಲು ಕಲಿಯಿರಿ. ಜಿಎನ್‌ಡಬ್ಲ್ಯುಎಲ್ ಎಂದರೆ ಸಾಮಾನ್ಯ ಪಟ್ಟಿ, ಖಾತ್ರಿಯಾಗುವ ಸಾಧ್ಯತೆ ಹೆಚ್ಚು. ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯುಡಬ್ಲ್ಯುಎಲ್ ಎಂದಿದ್ದರೆ ನಡುವಿನ ನಿಲ್ದಾಣಗಳ ಸಣ್ಣ ಪಾಲಿನಲ್ಲಿ ನೀವು ಕಾಯುತ್ತಿದ್ದೀರಿ ಎಂದರ್ಥ. ಇವು ಸುಲಭವಾಗಿ ಮುಂದೆ ಸರಿಯುವುದಿಲ್ಲ. ಆರ್‌ಎಸಿ ಬಂದರೆ ರೈಲು ಹತ್ತಬಹುದು, ಆದರೆ ಒಂದೇ ಬರ್ತ್‌ನಲ್ಲಿ ಇಬ್ಬರು ಕೂರಬೇಕಾಗಬಹುದು. ಚಾರ್ಟ್ (ಪ್ರಯಾಣಿಕರ ಅಂತಿಮ ಪಟ್ಟಿ) ಆದ ಮೇಲೂ ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ಅದು ತಾನಾಗಿ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಅದನ್ನು ಹಿಡಿದು ಬೋಗಿ ಹತ್ತುವಂತಿಲ್ಲ.

6. ರಾಯಚೂರಿನಿಂದ ಸೀಟು ಇಲ್ಲ ಎಂದು ತೋರಿಸಿದರೆ ಬೆಂಗಳೂರಿನಿಂದ ಹುಡುಕಿ ನೋಡಿ. ಅಲ್ಲಿಂದ ಇದ್ದರೆ ಬೆಂಗಳೂರು–ಆಗ್ರಾ ಟಿಕೆಟ್ ಮಾಡಿ, ಹತ್ತುವ ನಿಲ್ದಾಣ ರಾಯಚೂರು ಎಂದು ಬುಕಿಂಗ್ ಸಮಯದಲ್ಲೇ ಆರಿಸಿ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆದರೆ ಬರ್ತ್ ನಿಮ್ಮದೇ. ಹತ್ತುವ ನಿಲ್ದಾಣವನ್ನು ಹೀಗೆ ನಮೂದಿಸದೆ ರಾಯಚೂರಿಗೆ ಬಂದು ನಿಂತರೆ ನಿಮ್ಮ ಬರ್ತ್ ಬೇರೆಯವರಿಗೆ ಹೋಗಿರಬಹುದು.

ಆಗ್ರಾದಿಂದ ಮುಂದಿನ ಟಿಕೆಟ್, ವಾಪಸ್ ಬರುವ ಟಿಕೆಟ್ ಎರಡನ್ನೂ ಹೊರಡುವ ಮೊದಲೇ ಮಾಡಿಡಿ. ಅಲ್ಲಿ ಹೋಗಿ ನೋಡಿದರಾಯಿತು ಎಂದು ಬಿಟ್ಟರೆ ಆಗ್ರಾದಲ್ಲಿ ನಿಮ್ಮ ಅರ್ಧ ದಿನ ಕೌಂಟರ್ ಮುಂದೆ ಕಳೆಯುತ್ತದೆ.

ಹಂತ 3: ಬ್ಯಾಗ್ ಕಟ್ಟುವುದು

35–40 ಲೀಟರ್ ಬ್ಯಾಗ್ ಸಾಕು. ಮೂರು ಜೊತೆ ಬಟ್ಟೆ, ಬೇಗ ಒಣಗುವ ಟವೆಲ್, ಒಂದು ಪಂಚೆ ಅಥವಾ ದುಪಟ್ಟಾ, ಸ್ಲೀಪರ್‌ನಲ್ಲಿ ಹೋಗುವವರಿಗೆ ಹಾಸು-ಹೊದಿಕೆ (ಅಲ್ಲಿ ಕೊಡುವುದಿಲ್ಲ), ಬೀಗ ಮತ್ತು ಸಣ್ಣ ಚೈನು. ಬರ್ತ್ ಕೆಳಗೆ ಕೊಕ್ಕೆ ಇರುತ್ತದೆ, ಬ್ಯಾಗನ್ನು ಅದಕ್ಕೆ ಬಿಗಿಯಿರಿ. ಒಂದು ಚಿಕ್ಕ ಕೈಚೀಲ ಬೇರೆಯೇ ಇರಲಿ. ತಾಜ್ ಮಹಲಿಗೆ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಗುರುತಿನ ಚೀಟಿಯ ಮೂಲಪ್ರತಿ ಜೊತೆಯಲ್ಲೇ ಇರಲಿ. ಓಆರ್‌ಎಸ್, ಜ್ವರದ ಮಾತ್ರೆ, ನೀವು ದಿನಾ ತೆಗೆದುಕೊಳ್ಳುವ ಔಷಧಿ, ಪವರ್ ಬ್ಯಾಂಕ್. ಇಷ್ಟೇ.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇಷ್ಟಿದ್ದರೆ ಹನ್ನೆರಡು ದಿನವೂ ಕೆಡುವುದಿಲ್ಲ. ದಾರಿಯಲ್ಲಿ ಮೊಸರು ಕೊಂಡರೆ ಊಟವೇ ಆಯಿತು. ರೊಟ್ಟಿ ಮುರಿದು ಪುಡಿಯಾಗದಂತೆ ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ ಇಡಿ.

ಹಂತ 4: ರೈಲಿನ ಆ ಒಂದು ದಿನ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಲಗುವ ಹೊತ್ತು. ನಡುವಿನ ಬರ್ತ್‌ನವರು ಅದರಾಚೆ ಬರ್ತ್ ಏರಿಸಿ ಇಡುವಂತಿಲ್ಲ. ನಸುಕಿನಲ್ಲಿ ಹತ್ತುವಾಗ ನಿಮ್ಮ ಬರ್ತ್‌ನಲ್ಲಿ ಯಾರಾದರೂ ಮಲಗಿದ್ದರೆ ಜಗಳ ಬೇಡ. ಟಿಟಿಇಗೆ ಹೇಳಿ, ಇಲ್ಲವೇ 139ಕ್ಕೆ ಕರೆ ಮಾಡಿ. ಅದೇ ರೈಲ್ವೆಯ ಸಹಾಯವಾಣಿ.

ಎಚ್ಚರವಿದ್ದಷ್ಟು ಹೊತ್ತು ಕಿಟಕಿ ಬಿಡಬೇಡಿ. ಒಂದೇ ರೈಲಿನಲ್ಲಿ ಇಷ್ಟು ನದಿ ದಾಟುವ ಅವಕಾಶ ಅಪರೂಪ. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೆ ಕೃಷ್ಣೆ, ಆಮೇಲೆ ಭೀಮೆ, ಕೋಪರಗಾಂವ್ ಹತ್ತಿರ ಗೋದಾವರಿ, ಭುಸಾವಳದ ಬಳಿ ತಾಪಿ, ಇಟಾರ್ಸಿ ದಾಟಿದ ಮೇಲೆ ನರ್ಮದೆ, ಧೋಲ್‌ಪುರಕ್ಕೆ ಮುಂಚೆ ಚಂಬಲ್. ಗುಂತಕಲ್‌ನಲ್ಲಿ ಹತ್ತಿದವರಿಗೆ ಇವೆಲ್ಲಕ್ಕಿಂತ ಮೊದಲು ನಮ್ಮ ತುಂಗಭದ್ರೆ.

ಭೋಪಾಲ ಬಂದಾಗ ಸಾಂಚಿಗೆ ಇಳಿಯೋಣ, ಝಾನ್ಸಿ ಬಂದಾಗ ಓರ್ಛಾಕ್ಕೆ ಇಳಿಯೋಣ ಅನ್ನಿಸುತ್ತದೆ. ಎರಡೂ ಅದ್ಭುತ ಜಾಗಗಳೇ. ಆದರೂ ಈ ಸಲ ಬೇಡ. ಅವಕ್ಕೆಂದೇ ಇನ್ನೊಂದು ಪ್ರಯಾಣ ಇಟ್ಟುಕೊಳ್ಳಿ.

ಹಂತ 5: ಆಗ್ರಾ, ಎರಡು ರಾತ್ರಿ

ಮೊದಲ ಎಚ್ಚರಿಕೆ: ಶುಕ್ರವಾರ ತಾಜ್ ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಟಿಕೆಟ್ ಮಾಡುವಾಗಲೇ ವಾರ ನೋಡಿಕೊಳ್ಳಿ. ನೀವು ಆಗ್ರಾ ತಲುಪಿದ ಮರುದಿನ ಶುಕ್ರವಾರ ಆಗಬಾರದು.

ತಲುಪಿದ ದಿನ ತಾಜ್ ಕಡೆ ಓಡಬೇಡಿ. ಕೋಣೆ ಹಿಡಿದು, ಸ್ನಾನ ಮಾಡಿ, ನಿದ್ದೆ ಮಾಡಿ. ಮಧ್ಯಾಹ್ನದ ಮೇಲೆ ಯಮುನೆಯ ಆಚೆ ದಡಕ್ಕೆ ಹೋಗಿ. ಅಲ್ಲಿ ಇತಿಮಾದ್-ಉದ್-ದೌಲಾ ಸಮಾಧಿ ಇದೆ. ಜಹಾಂಗೀರನ ಹೆಂಡತಿ ನೂರ್ ಜಹಾನ್ ತನ್ನ ತಂದೆಗಾಗಿ 1622–28ರಲ್ಲಿ ಕಟ್ಟಿಸಿದ್ದು. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸುವ ಕೆಲಸವನ್ನು ಇಲ್ಲಿ ನಿಧಾನವಾಗಿ, ನೂಕುನುಗ್ಗಲಿಲ್ಲದೆ ನೋಡಬಹುದು. ಇದನ್ನು ನೋಡಿಕೊಂಡು ಹೋದವರಿಗೆ ತಾಜ್ ಮಹಲಿನ ಕೆಲಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಂಜೆ ಅಲ್ಲೇ ಮೆಹ್ತಾಬ್ ಬಾಗ್‌ಗೆ ಬನ್ನಿ. ನದಿಯ ಈಚೆಯಿಂದ ತಾಜ್ ಮಹಲಿನ ಬೆನ್ನು ಕಾಣುತ್ತದೆ.

ಮರುದಿನ ಬೆಳಗಾಗುವ ಮೊದಲೇ ತಾಜ್‌ನ ಬಾಗಿಲಲ್ಲಿರಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ ತೆರೆಯುತ್ತಾರೆ. ಭಾರತೀಯರಿಗೆ ಒಳಗೆ ಹೋಗಲು 50 ರೂಪಾಯಿ, ಮುಖ್ಯ ಸಮಾಧಿಯ ಕಟ್ಟೆ ಹತ್ತಲು ಬೇರೆ 200 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಪುರಾತತ್ವ ಇಲಾಖೆಯ ಅಧಿಕೃತ ತಾಣದಲ್ಲಿ ಹಿಂದಿನ ರಾತ್ರಿಯೇ ಟಿಕೆಟ್ ತೆಗೆದಿಡಿ. ಒಂದು ಟಿಕೆಟ್‌ಗೆ ಮೂರು ಗಂಟೆ ಅವಕಾಶ. ತಿಂಡಿ, ತಂಬಾಕು, ಲೈಟರ್, ಟ್ರೈಪಾಡ್ ಬಿಡುವುದಿಲ್ಲ. ಸಮಾಧಿಯ ಒಳಗೆ ಫೋಟೋ ತೆಗೆಯುವಂತಿಲ್ಲ.

ಮುಮ್ತಾಜ್ ತೀರಿಕೊಂಡದ್ದು 1631ರಲ್ಲಿ, ಬುರ್ಹಾನ್‌ಪುರದಲ್ಲಿ. ನಿಮ್ಮ ರೈಲು ಆ ಊರಿನ ಮೇಲೆಯೇ ಬಂದಿರುತ್ತದೆ. ಮರುವರ್ಷ ಆಗ್ರಾದಲ್ಲಿ ಕೆಲಸ ಶುರುವಾಗಿ, ಸುತ್ತಲಿನ ಕಟ್ಟಡ, ತೋಟ ಎಲ್ಲ ಸೇರಿ ಮುಗಿಯಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ತಾಜ್ ಮುಗಿಸಿ ತಿಂಡಿ ತಿಂದು ಕೋಟೆಗೆ ಹೋಗಿ. ಅಕ್ಬರ್ ಈ ಕೆಂಪು ಕಲ್ಲಿನ ಕೋಟೆಯನ್ನು ಕಟ್ಟಿಸಲು ಶುರುಮಾಡಿದ್ದು 1565ರಲ್ಲಿ. ಅದೇ ವರ್ಷ ಜನವರಿಯಲ್ಲಿ ತಾಳಿಕೋಟೆಯ ಯುದ್ಧ ನಡೆದು ನಮ್ಮ ಹಂಪಿ ಹಾಳಾಯಿತು. ತುಂಗಭದ್ರೆಯ ದಡದಲ್ಲಿ ಒಂದು ರಾಜಧಾನಿ ಉರಿದ ವರ್ಷವೇ ಯಮುನೆಯ ದಡದಲ್ಲಿ ಇನ್ನೊಂದರ ಅಡಿಪಾಯ ಬಿತ್ತು. ನಮ್ಮ ಕಡೆಯಿಂದ ಹೋದವರು ಇದನ್ನು ನೆನೆಸದೆ ಆ ಬಾಗಿಲು ದಾಟಬಾರದು. ಔರಂಗಜೇಬ ತನ್ನ ತಂದೆ ಷಾಜಹಾನನನ್ನು 1658ರಿಂದ ಇಲ್ಲೇ ಸೆರೆಯಲ್ಲಿಟ್ಟಿದ್ದ. 1666ರಲ್ಲಿ ಸಾಯುವವರೆಗೂ ಆತ ಹೊರಗೆ ಬರಲಿಲ್ಲ. ಕೋಟೆಯ ಮುಸಮ್ಮನ್ ಬುರ್ಜ್ ಕಡೆಯಿಂದ ತಾಜ್ ಮಹಲ್ ಕಾಣುತ್ತದೆ.

ಮೂರನೆಯ ದಿನ ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮ್‌ನಲ್ಲಿ (ಸಾಮಾನು ಕಾಯುವ ಕೋಣೆ, ಬ್ಯಾಗ್‌ಗೆ ಬೀಗ ಇರಲೇಬೇಕು) ಇಟ್ಟು ಫತೇಪುರ್ ಸಿಕ್ರಿಗೆ ಹೋಗಿಬನ್ನಿ. ಈದ್ಗಾ ಬಸ್ ನಿಲ್ದಾಣದಿಂದ ಬಸ್ ಇದೆ, ಸುಮಾರು 40 ಕಿ.ಮೀ. ಅಕ್ಬರ್ 1571ರ ಸುಮಾರಿಗೆ ಕಟ್ಟಿಸಿ, 1585ರಲ್ಲಿ ಬಿಟ್ಟುಹೋದ ರಾಜಧಾನಿ ಇದು. ಹಂಪಿ ಮತ್ತು ಸಿಕ್ರಿ ಎರಡೂ ಯುನೆಸ್ಕೋ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ. ಅರಮನೆ ಭಾಗಕ್ಕೆ ಟಿಕೆಟ್ ಬೇಕು. ಬುಲಂದ್ ದರ್ವಾಜಾ, ಸಲೀಂ ಚಿಶ್ತಿ ದರ್ಗಾ ಇರುವ ಮಸೀದಿ ಭಾಗಕ್ಕೆ ಬೇಡ. ದರ್ಗಾದ ಅಂಗಳದಲ್ಲಿ ಚಾದರ ಕೊಳ್ಳಿ ಎಂದು ಬೆನ್ನು ಹತ್ತುವವರಿಗೆ ಒಂದೇ ಸಲ ಗಟ್ಟಿಯಾಗಿ "ನಹೀ ಚಾಹಿಯೇ" ಎಂದು ಮುಂದೆ ನಡೆಯಿರಿ.

ಆಗ್ರಾದಲ್ಲಿ ಮೋಸದ ರೀತಿಗಳು ಹಳೆಯವೇ. "ಇವತ್ತು ತಾಜ್ ಬಂದ್, ಬನ್ನಿ ಕಲ್ಲಿನ ಅಂಗಡಿ ತೋರಿಸ್ತೀನಿ" ಎನ್ನುವ ಆಟೋದವರು, ಗುರುತಿನ ಚೀಟಿ ಇಲ್ಲದ ಗೈಡ್‌ಗಳು, ಇಡೀ ದಿನಕ್ಕೆ ತೀರಾ ಕಡಿಮೆ ಬಾಡಿಗೆ ಹೇಳಿ ಅಂಗಡಿ ಅಂಗಡಿ ಸುತ್ತಿಸುವವರು. ಹೋಗುವ ಮುಂಚೆಯೇ "ಅಂಗಡಿ ಬೇಡ" ಎಂದು ಹೇಳಿಬಿಡಿ. ರಾಯಚೂರು, ಬಳ್ಳಾರಿ ಓಣಿಗಳಲ್ಲಿ ಕಲಿತ ದಖ್ಖನಿ ಇಲ್ಲಿ ಚೆನ್ನಾಗಿ ಕೈ ಹಿಡಿಯುತ್ತದೆ. ಮಾತಾಡಲು ಅಂಜಬೇಡಿ.

ಹಂತ 6: ಪ್ರಯಾಗ, ಒಂದು ರಾತ್ರಿ

ಆಗ್ರಾದಿಂದ ಪ್ರಯಾಗ್‌ರಾಜ್‌ಗೆ ರೈಲು ಹುಡುಕುವಾಗ ಆಗ್ರಾ ಕ್ಯಾಂಟ್, ಆಗ್ರಾ ಫೋರ್ಟ್ ಜೊತೆಗೆ ಟುಂಡ್ಲಾ ಎಂದೂ ಹಾಕಿ ನೋಡಿ. ಟುಂಡ್ಲಾ ದಿಲ್ಲಿ–ಹೌರಾ ಮುಖ್ಯ ಮಾರ್ಗದಲ್ಲಿದೆ, ಅಲ್ಲಿಂದ ರೈಲು ಜಾಸ್ತಿ. ಆದರೆ ಆಗ್ರಾ ಊರಿನಿಂದ 25 ಕಿ.ಮೀ.ನಷ್ಟು ದೂರ. ಇಳಿಯುವಾಗಲೂ ನಿಲ್ದಾಣದ ಪೂರ್ತಿ ಹೆಸರು ಓದಿ. ಪ್ರಯಾಗ್‌ರಾಜ್ ಜಂಕ್ಷನ್ ಬೇರೆ, ಪ್ರಯಾಗ್‌ರಾಜ್ ಛಿವ್ಕಿ ಬೇರೆ, ಪ್ರಯಾಗ್ ಬೇರೆ.

ಸಂಗಮಕ್ಕೆ ಬೆಳಿಗ್ಗೆ ಹೋಗಿ. ದೋಣಿ ಹತ್ತುವ ಮುಂಚೆ ಎರಡು ಮಾತು ಇತ್ಯರ್ಥ ಆಗಬೇಕು. ಬಾಡಿಗೆ ತಲೆಗೋ ದೋಣಿಗೋ? ಹೋಗಿ-ಬರುವುದು ಎರಡೂ ಸೇರಿಯೋ? ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಗಂಗೆಯ ಮಣ್ಣುಬಣ್ಣದ ನೀರು ಮತ್ತು ಯಮುನೆಯ ಹಸಿರು ನೀರು ಸೇರುವ ಗೆರೆ ಕಣ್ಣಿಗೆ ಕಾಣುತ್ತದೆ. ನೀರಿನ ನಡುವೆ ತೆಂಗಿನಕಾಯಿ ಕೈಗಿಟ್ಟು ಸಂಕಲ್ಪ ಶುರುಮಾಡುವವರಿಗೆ ದಕ್ಷಿಣೆ ಎಷ್ಟು ಎಂದು ಮೊದಲೇ ಕೇಳಿ. ಸಂಕಲ್ಪ ಮುಗಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ, ಅದು ಅವರಿಗೂ ಗೊತ್ತು.

ದಡದಲ್ಲಿರುವ ಕೋಟೆಯೂ ಅಕ್ಬರನದೇ, 1583ರದ್ದು. ಅದರೊಳಗೆ ಅಶೋಕನ ಕಂಬವಿದೆ, ಅದರ ಮೇಲೆ ಸಮುದ್ರಗುಪ್ತನ ಶಾಸನವೂ ಇದೆ. ಕೋಟೆಯ ಬಹುಭಾಗ ಸೇನೆಯ ವಶದಲ್ಲಿರುವುದರಿಂದ ಕಂಬ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಮಾಘ ಮೇಳದ ದಿನಗಳಲ್ಲಿ, ಅಂದರೆ ಜನವರಿ-ಫೆಬ್ರವರಿಯಲ್ಲಿ, ಬಹಳ ನಡೆಯಬೇಕಾಗುತ್ತದೆ. ಸ್ನಾನಕ್ಕೆಂದೇ ಹೋಗುವವರನ್ನು ಬಿಟ್ಟು ಉಳಿದವರು ಆಗ ಹೋಗದಿರುವುದು ಮೇಲು.

ಹಂತ 7: ಕಾಶಿ, ನಾಲ್ಕು ರಾತ್ರಿ

ಪ್ರಯಾಗದಿಂದ ಕಾಶಿ ಸುಮಾರು 120 ಕಿ.ಮೀ. ರೈಲೂ ಇದೆ, ಬಸ್ಸೂ ಇದೆ. ಇಲ್ಲಿಯೂ ನಿಲ್ದಾಣಗಳ ಗೊಂದಲ. ವಾರಾಣಸಿ ಜಂಕ್ಷನ್ (ಜನ ಕ್ಯಾಂಟ್ ಎನ್ನುತ್ತಾರೆ) ಮುಖ್ಯವಾದದ್ದು. ಬನಾರಸ್ ಎಂಬುದು ಹಳೆಯ ಮಂಡುವಾಡೀಹ್. ವಾರಾಣಸಿ ಸಿಟಿ, ಕಾಶಿ ಎಂಬ ಬೇರೆ ನಿಲ್ದಾಣಗಳೂ ಇವೆ. ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಎಂದರೆ ಹಳೆಯ ಮುಘಲ್‌ಸರಾಯ್. ಅದು ಗಂಗೆಯ ಆಚೆ, ಊರಿನಿಂದ ದೂರ. ಕ್ಯಾಂಟ್‌ನಿಂದ ಗೋದೌಲಿಯಾಗೆ ಎಂದು ಕೇಳಿ ಶೇರ್ ಆಟೋ ಅಥವಾ ಇ-ರಿಕ್ಷಾ ಹತ್ತಿ. ಗೋದೌಲಿಯಾದಿಂದ ಮುಂದೆ ಕಾಲೇ ಗತಿ. ಎಂಟು ಕೆ.ಜಿ. ಬ್ಯಾಗಿನ ಬೆಲೆ ಆ ಗಲ್ಲಿಗಳಲ್ಲಿ ತಿಳಿಯುತ್ತದೆ.

ಉಳಿಯುವುದೆಲ್ಲಿ? ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠ ನಮ್ಮ ಕಡೆಯ ಭಕ್ತರಿಗೆ ಹೊಸದಲ್ಲ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಇದು. ಒಳಗಿನ ಸಾವಿರಾರು ಲಿಂಗಗಳನ್ನು ನೋಡಲಾದರೂ ಹೋಗಿ, ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಹನುಮಾನ್ ಘಾಟ್, ಕರ್ನಾಟಕ ಘಾಟ್, ಕೇದಾರ ಘಾಟ್ ಸುತ್ತಮುತ್ತ ದಕ್ಷಿಣದವರ ಮಠ, ಛತ್ರಗಳಿವೆ. ಒಂದು ಮಾತು ನೆನಪಿಡಿ: ಒಬ್ಬರೇ ಬಂದವರಿಗೆ ಕೆಲವು ಛತ್ರಗಳು ಕೋಣೆ ಕೊಡುವುದಿಲ್ಲ. ಒಂಟಿಯಾಗಿ ಹೋಗುವವರು ಹಾಸ್ಟೆಲ್ (ಒಂದು ಕೋಣೆಯಲ್ಲಿ ಹಲವು ಮಂಚಗಳಿದ್ದು, ಮಂಚಕ್ಕೆ ಬಾಡಿಗೆ ಕೊಡುವ ವಸತಿ) ಬುಕ್ ಮಾಡಿಕೊಂಡೇ ಹೋಗಿ. ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ಮಹಿಳೆಯರ ಡಾರ್ಮ್ ಇರುವ, ದೊಡ್ಡ ರಸ್ತೆಗೆ ಹತ್ತಿರದ ಜಾಗ ಆರಿಸಿ, ಊರಿಗೆ ಹಗಲಲ್ಲೇ ತಲುಪುವ ರೈಲು ಹಿಡಿಯಿರಿ. ತುರ್ತಿಗೆ 112, ಪ್ರವಾಸಿಗರ ಸಹಾಯವಾಣಿ 1363.

ಮೊದಲ ದಿನ ದೇವಸ್ಥಾನಕ್ಕೂ ಅವಸರ ಮಾಡಬೇಡಿ. ಸುಮ್ನೆ ನಡೆಯಿರಿ. ಅಸ್ಸಿ ಘಾಟ್‌ನಿಂದ ಶುರುಮಾಡಿ ನೀರಿನ ಅಂಚಿನಲ್ಲೇ ದಶಾಶ್ವಮೇಧದವರೆಗೆ ಮೂರು ಕಿ.ಮೀ. ಒಳಗೇ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರೆಲ್ಲ ಪಶ್ಚಿಮದ ದಡದಲ್ಲಿ. ಹಾಗಾಗಿ ಬೆಳಗಿನ ಸೂರ್ಯ ನೇರ ಎದುರಿಗೆ, ಬಯಲಾದ ಆಚೆ ದಡದ ಮೇಲೆ ಹುಟ್ಟುತ್ತಾನೆ. ಸೂರ್ಯೋದಯಕ್ಕೆ ಅಸ್ಸಿಯಲ್ಲಿರಿ, ಬಿಸಿಲೇರುವ ಹೊತ್ತಿಗೆ ದಶಾಶ್ವಮೇಧ ಮುಟ್ಟಿ. ಅಲ್ಲಿಂದ ಮುಂದೆ ಮಾನ್ ಮಂದಿರ, ಮಣಿಕರ್ಣಿಕಾ, ವಾಲಿದ ಗುಡಿ ಇರುವ ಸಿಂಧಿಯಾ ಘಾಟ್, ಪಂಚಗಂಗಾ. ಇದನ್ನು ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ಗಳಲ್ಲಿ ಹಗಲು ರಾತ್ರಿ ಶವಸಂಸ್ಕಾರ ನಡೆಯುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ಅದು ಇನ್ನೊಬ್ಬರ ಮನೆಯ ಸಾವು. "ಬಡವರ ಚಿತೆಗೆ ಕಟ್ಟಿಗೆ ದಾನ ಕೊಡಿ" ಎಂದು ಮೇಲಿನ ಕಟ್ಟಡಕ್ಕೆ ಕರೆದುಕೊಂಡು ಹೋಗಿ ದೊಡ್ಡ ಮೊತ್ತ ಕೇಳುವವರಿದ್ದಾರೆ. ಅವರ ಹಿಂದೆ ಹೋಗಬೇಡಿ.

ವಿಶ್ವನಾಥನ ದರ್ಶನಕ್ಕೆ ಎರಡನೆಯ ದಿನ ನಸುಕಿನಲ್ಲೇ ಹೋಗಿ. ಸೋಮವಾರ ಸಾಲು ಉದ್ದ. ಫೋನ್, ಸ್ಮಾರ್ಟ್ ವಾಚ್, ಬ್ಯಾಗ್ ಒಳಗೆ ಬಿಡುವುದಿಲ್ಲ. ಕೋಣೆಯಲ್ಲೇ ಬಿಟ್ಟು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಲಾಕರ್ ನೆಪದಲ್ಲಿ ಅಂಗಡಿಯವರು ಪೂಜೆ ಬುಟ್ಟಿ ಕೊಳ್ಳಲೇಬೇಕು ಎನ್ನುತ್ತಾರೆ. ಶುಲ್ಕ ಕೊಟ್ಟು ಹೋಗುವ ಸುಗಮ ದರ್ಶನವನ್ನು ದೇವಸ್ಥಾನದ ಅಧಿಕೃತ ತಾಣದಲ್ಲೇ ಬುಕ್ ಮಾಡಿ, ಗಲ್ಲಿಯಲ್ಲಿ ಸಿಕ್ಕವರ ಕೈಗೆ ದುಡ್ಡು ಕೊಡಬೇಡಿ. ಈಗಿನ ಗುಡಿಯನ್ನು 18ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದವಳು ಇಂದೋರಿನ ಅಹಲ್ಯಾಬಾಯಿ ಹೋಳ್ಕರ್. ಗಂಗೆಯ ಕಡೆಯಿಂದ ಒಳಗೆ ಬರುವ ಹೊಸ ಕಾರಿಡಾರ್ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು.

ಸಂಜೆಯ ಗಂಗಾ ಆರತಿಗೆ ದಶಾಶ್ವಮೇಧದಲ್ಲಿ ಒಂದು ಗಂಟೆ ಮೊದಲೇ ಕೂತರೆ ಜಾಗ ಸಿಗುತ್ತದೆ. ಸ್ನಾನ ಮಾಡುವವರು ಪಾಚಿಗಟ್ಟಿದ ಮೆಟ್ಟಿಲಿನ ಬಗ್ಗೆ ಎಚ್ಚರ. ಮೆಟ್ಟಿಲು ಒಮ್ಮೆಲೇ ಮುಗಿದು ಆಳ ಶುರುವಾಗುತ್ತದೆ. ಸರಪಳಿ ಇರುವ ಕಡೆ, ಇತರರು ಮುಳುಗು ಹಾಕುವ ಕಡೆಯೇ ಇಳಿಯಿರಿ. ಸೋಪು ಬೇಡ. ಬೆಳಗಿನ ತಿಂಡಿಗೆ ಬಿಸಿ ಕಚೋರಿ, ಜಿಲೇಬಿ ಸಾಕು. ಠಂಡಾಯಿ (ಹಾಲಿನ ತಂಪು ಪಾನೀಯ) ಕುಡಿಯುವಾಗ ಅಮಲೇರಿಸುವ ಭಂಗಿ ಸೊಪ್ಪು ಹಾಕಿಲ್ಲ ತಾನೇ ಎಂದು ಬಾಯಿಬಿಟ್ಟು ಕೇಳಿ.

ಒಂದು ಮಧ್ಯಾಹ್ನ ಬಿಎಚ್‌ಯುಗೆ, ಅಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಇಡಿ. 1916ರಲ್ಲಿ ಶುರುವಾದಾಗ ಅದರ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್.

ಒಂದು ಪೂರ್ತಿ ಅರ್ಧ ದಿನ ಸಾರನಾಥಕ್ಕೆ. ಪ್ಯಾಕೇಜ್‌ನವರು ಹೆಚ್ಚಾಗಿ ಇದನ್ನು ಬಿಟ್ಟುಬಿಡುತ್ತಾರೆ ಅಥವಾ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನನಗೆ ಇದು ಬಹಳ ಬೇಸರದ ಸಂಗತಿ. ಊರಿನಿಂದ ಬರೀ 10 ಕಿ.ಮೀ. ಬುದ್ಧ ಮೊದಲ ಉಪದೇಶ ಕೊಟ್ಟ ಜಾಗ. ನಮ್ಮ ರಾಷ್ಟ್ರಲಾಂಛನದ ಆ ನಾಲ್ಕು ಸಿಂಹಗಳು, ಅಶೋಕನ ಕಂಬದ ತುದಿಯಲ್ಲಿದ್ದ ಮೂಲ ಶಿಲ್ಪ, ಇಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಮುರಿದ ಕಂಬ ಹೊರಗೆ ಇದ್ದ ಜಾಗದಲ್ಲೇ ನಿಂತಿದೆ. ಆ ಅಶೋಕ ನಮಗೆ ದೂರದವನಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲೇ "ದೇವಾನಂಪಿಯ" ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲ ಸಲ ಸ್ಪಷ್ಟವಾಗಿ ಓದಲು ಸಿಕ್ಕಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಅವನ ಶಾಸನಗಳಿವೆ. ಹೊರಡುವ ಮೊದಲು ಒಂದು ಭಾನುವಾರ ನಿಮಗೆ ಹತ್ತಿರದ್ದನ್ನು ನೋಡಿಕೊಂಡು ಹೋಗಿ. ಆಮೇಲೆ ಸಾರನಾಥದಲ್ಲಿ ನಿಂತಾಗ ಆ ಕಂಬ ನಮ್ಮ ಮನೆಯದೇ ಅನ್ನಿಸುತ್ತದೆ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ, ಅದನ್ನು ನೋಡಿಕೊಳ್ಳಿ.

ಪಿತೃಕಾರ್ಯಕ್ಕೆಂದು ಗಯಾಗೂ ಹೋಗಬೇಕಾದವರು ಎರಡು ದಿನ ಸೇರಿಸಿಕೊಳ್ಳಿ. ಕಾಶಿಯ ದಿನಗಳಲ್ಲಿ ಕತ್ತರಿಸಬೇಡಿ.

ಹಂತ 8: ವಾಪಸ್

ಕಾಶಿಯಿಂದ ಮತ್ತೆ ಆಗ್ರಾಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯುವ ಅಗತ್ಯವಿಲ್ಲ. ದಾನಾಪುರ–ಸಿಕಂದರಾಬಾದ್ ಎಕ್ಸ್‌ಪ್ರೆಸ್ (12792) ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಮೇಲೆ ಹಾದು, ಜಬಲ್ಪುರ, ನಾಗಪುರ, ಕಾಜಿಪೇಟೆ ದಾರಿಯಾಗಿ ಸಿಕಂದರಾಬಾದ್‌ಗೆ ಬರುತ್ತದೆ. ಈ ರೈಲಿಗೆ ಬೇಡಿಕೆ ಬಹಳ, 60 ದಿನದ ಮೊದಲೇ ಸಿದ್ಧರಾಗಿರಿ. ಕಾಶಿಯ ಗಲ್ಲಿಯಿಂದ ಆ ಜಂಕ್ಷನ್‌ಗೆ ಹೋಗಲು ಎರಡು ಗಂಟೆ ಇಟ್ಟುಕೊಳ್ಳಿ. ಸೇತುವೆ ಮೇಲೆ ವಾಹನ ಕಟ್ಟಿಕೊಂಡರೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ಗಂಗಾಜಲ ತರುವವರು ಗಲ್ಲಿಯ ತೆಳು ಪ್ಲಾಸ್ಟಿಕ್ ಕ್ಯಾನ್ ನಂಬಬೇಡಿ. ಊರಿನಿಂದಲೇ ಗಟ್ಟಿ ಮುಚ್ಚಳದ ಬಾಟಲಿ ಒಯ್ದು ತುಂಬಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಟ್ಟೆಯಿಂದ ದೂರ, ನೆಟ್ಟಗೆ ಇಡಿ.

ಸಿಕಂದರಾಬಾದ್‌ನಲ್ಲಿ ಇಳಿದ ಮೇಲೆ ಆಟೋ ಬೇಡ. ಹತ್ತಿರದ ಸಿಕಂದರಾಬಾದ್ ವೆಸ್ಟ್ ಮೆಟ್ರೋ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೋ ನೇರ ಎಂಜಿಬಿಎಸ್‌ಗೆ, ಅಂದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಂದ ಮಹಬೂಬ್‌ನಗರ ದಾರಿಯಾಗಿ ರಾಯಚೂರಿಗೆ ಬಸ್ಸುಗಳಿವೆ, ಬಳ್ಳಾರಿಗೂ ಇವೆ. ಕೊಪ್ಪಳದವರು ರಾಯಚೂರಿನಲ್ಲಿ ಇಳಿದು ಸಿಂಧನೂರು, ಗಂಗಾವತಿ ಬಸ್ ಹಿಡಿಯಬಹುದು. ರೈಲು ತಡವಾದರೂ ತೊಂದರೆಯಾಗದಂತೆ ಕೊನೆಯ ಬಸ್ಸಿನ ಟಿಕೆಟ್ ಮಾತ್ರ ಮುಂಗಡ ಮಾಡಬೇಡಿ. ನಿಲ್ದಾಣಕ್ಕೆ ಹೋಗಿ ಹೊರಟಿರುವ ಬಸ್ಸು ಹತ್ತಿ.